ರನ್ ಎಷ್ಟು, ಪಾಸ್ ಎಷ್ಟು: ಕಾಲೇಜ್ ಫುಟ್‌ಬಾಲ್ ಆಫೆನ್ಸ್ ಕೈಕೊಟ್ಟಾಗ ತಪ್ಪು ಹುಡುಕುವ ಬಗೆ

ಶನಿವಾರ ನಮ್ಮ ಕನ್ನಡದ ಗೆಳೆಯರು ಸೇರಿ ಟಿವಿ ಮುಂದೆ ಕೂತು ಕಾಲೇಜ್ ಫುಟ್‌ಬಾಲ್ (ಬಾಲನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್) ನೋಡುವಾಗ ಒಂದು ಮಾತು ಬಂದೇ ಬರುತ್ತದೆ: "ಇವರಿಗೆ ಬ್ಯಾಲೆನ್ಸೇ ಇಲ್ಲ ಕಣ್ರೀ." ಬಾಲ್ ಇರುವ ತಂಡ, ಅಂದರೆ ಆಫೆನ್ಸ್, ಮುಂದೆ ಹೋಗುವುದು ಎರಡು ಬಗೆ: ಬಾಲ್ ಹಿಡಿದು ಓಡಿದರೆ ರನ್, ಮುಂದಕ್ಕೆ ಎಸೆದರೆ ಪಾಸ್. ಮೂರು ಪಾಸ್ ನೆಲಕ್ಕೆ ಬಿದ್ದರೆ ಓಡಿಸಬೇಕಿತ್ತು ಅನ್ನುತ್ತಾರೆ. ಮೂರು ಸಲ ಓಡಿ ಎರಡೇ ಯಾರ್ಡ್ ಬಂದರೆ ಎಸೆಯಬೇಕಿತ್ತು ಅನ್ನುತ್ತಾರೆ. ಕಾಯಿಲೆ ಇದೆ ಅಂತ ಎಲ್ಲರಿಗೂ ಗೊತ್ತು. ಎಲ್ಲಿದೆ ಅಂತ ಹುಡುಕುವುದು ಬೇರೆಯೇ ಕೆಲಸ.

ನಾನು ಹಾಸನದ ಕಡೆಯವನು. ಓದಲು ಅಂತ ಒಹಾಯೊಗೆ ಬಂದು ಇಲ್ಲೇ ನಿಂತೆ. ಈಗ ಹತ್ತಿರದ ಒಂದು ಸಣ್ಣ ಕಾಲೇಜಿನ ತಂಡಕ್ಕೆ ಪ್ರತಿ ಭಾನುವಾರ ವಿಡಿಯೊ ನೋಡಿ ಲೆಕ್ಕ ಬರೆದುಕೊಡುತ್ತೇನೆ. ಸಂಬಳ ಇಲ್ಲ, ಇಷ್ಟಪಟ್ಟು ಮಾಡುವ ಕೆಲಸ. ಕೋಚ್‌ಗಳು ಹೇಳಿಕೊಟ್ಟಿದ್ದು, ನೋಡ್ತಾ ನೋಡ್ತಾ ನಾನೇ ಕಲಿತದ್ದು ಸೇರಿ ಒಂದು ಕ್ರಮ ಕೈಗೆ ಹತ್ತಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಗ ಇಲ್ಲಿನ ಶಾಲೆಯಲ್ಲಿ ಆಡುತ್ತಿದ್ದರೂ, ನೀವು ಓದಿದ ಯೂನಿವರ್ಸಿಟಿಯ ತಂಡವನ್ನು ದೂರದಿಂದ ನೋಡುತ್ತಿದ್ದರೂ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳೋಣ. ಬ್ಯಾಲೆನ್ಸ್ ಅಂದರೆ ಅರ್ಧ ರನ್, ಅರ್ಧ ಪಾಸ್ ಅಲ್ಲ. ಕ್ರಿಕೆಟ್‌ನಲ್ಲಿ ಆರು ಫೀಲ್ಡರ್‌ಗಳನ್ನು ಆಫ್ ಸೈಡಿಗೆ ನಿಲ್ಲಿಸಿದರೆ ಒಳ್ಳೆ ಬ್ಯಾಟ್ಸ್‌ಮನ್ ಏನು ಮಾಡುತ್ತಾನೆ? ಲೆಗ್ ಸೈಡಿಗೆ ಹೊಡೆಯುತ್ತಾನೆ. ಆಫ್ ಸೈಡಿಗೆ 50 ಸಲ, ಲೆಗ್ ಸೈಡಿಗೆ 50 ಸಲ ಹೊಡೆಯಬೇಕು ಅಂತ ಎಣಿಸುತ್ತಾ ಕೂರಲ್ಲ. ಲೆಗ್ ಸೈಡಿಗೆ ಹೊಡೆಯಲು ಬರುತ್ತದೆ ಅನ್ನುವುದು ಬೌಲರ್‌ಗೆ ಗೊತ್ತಿದ್ದರೆ ಸಾಕು, ಆಫ್ ಸೈಡ್ ತಾನಾಗೇ ಖಾಲಿಯಾಗುತ್ತದೆ. ಫುಟ್‌ಬಾಲ್ ಬ್ಯಾಲೆನ್ಸೂ ಹಾಗೇ. ಎದುರಿನವರು ರನ್ ತಡೆಯಲು ಒಬ್ಬನನ್ನು ಮುಂದೆ ಕಳಿಸಿದರೆ ಅವನು ಬಿಟ್ಟುಬಂದ ಜಾಗ ನಿಮ್ಮದಾಗಬೇಕು. ಪಾಸ್ ತಡೆಯಲು ಹಿಂದೆ ಹೋದರೆ ಮುಂದಿನ ಜಾಗ ನಿಮ್ಮದಾಗಬೇಕು.

ಆಟ ಹೊಸದಾಗಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ. ನಾಲ್ಕು ಪ್ರಯತ್ನದಲ್ಲಿ 10 ಯಾರ್ಡ್ ಮುಂದೆ ಹೋಗಬೇಕು. ಒಂದೊಂದು ಪ್ರಯತ್ನಕ್ಕೂ ಡೌನ್ ಅನ್ನುತ್ತಾರೆ. ಆ ಒಂದು ಪ್ರಯತ್ನದಲ್ಲಿ ಆಡುವುದನ್ನೇ ಮುಂದೆ ಒಂದು ಆಟ ಅಂತ ಬರೆದಿದ್ದೇನೆ. ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಬಾಲನ್ನು ಒದ್ದು ಬಿಟ್ಟುಕೊಡುವುದರಿಂದ ಕೈಯಲ್ಲಿ ನಿಜವಾಗಿ ಇರುವುದು ಮೂರೇ.

ಮೊದಲ ಕೆಲಸ: ಸ್ಕೋರ್ ಹಾಳೆಯನ್ನು ತೊಳೆಯಿರಿ

ಪಂದ್ಯ ಮುಗಿದ ಮೇಲೆ ಬರುವ ಅಧಿಕೃತ ಅಂಕಿ ಅಂಶದ ಹಾಳೆಯನ್ನು ಹಾಗೇ ನಂಬಬೇಡಿ. ಕಾಲೇಜ್ ಆಟದ ಲೆಕ್ಕದಲ್ಲಿ ಒಂದು ಗುಂಡಿ ಇದೆ, ಹೊಸಬರೆಲ್ಲ ಅದರಲ್ಲಿ ಬೀಳುತ್ತಾರೆ. ಕ್ವಾರ್ಟರ್‌ಬ್ಯಾಕ್, ಅಂದರೆ ಬಾಲ್ ಮೊದಲು ಕೈಗೆ ಬಂದು ಆಟ ನಡೆಸುವವನು, ಪಾಸ್ ಎಸೆಯಲು ಹಿಂದೆ ಸರಿದು, ಎಸೆಯುವ ಮೊದಲೇ ಸಿಕ್ಕಿಬಿದ್ದರೆ ಅದು ಸ್ಯಾಕ್. ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆ ನಷ್ಟವನ್ನು ತಂಡದ ಪಾಸ್ ಲೆಕ್ಕದಿಂದ ಕಳೆಯುತ್ತಾರೆ. ಕಾಲೇಜ್‌ನಲ್ಲಿ ಅದನ್ನು ರನ್ ಅಂತ ಬರೆಯುತ್ತಾರೆ! ಪಾಸ್ ಅಂತ ಕೋಚ್ ಕರೆದ ಆಟ, ಪಾಸ್ ಕೆಟ್ಟಿದ್ದಕ್ಕೆ ಆದ ನಷ್ಟ, ಆದರೆ ಬರೆದಿರುವುದು ರನ್ ಖಾತೆಯಲ್ಲಿ. ಎಸೆಯಲು ಯಾರೂ ಸಿಗದೆ ಕ್ವಾರ್ಟರ್‌ಬ್ಯಾಕ್ ತಾನೇ ಓಡಿದರೆ, ಅಂದರೆ ಸ್ಕ್ರ್ಯಾಂಬಲ್ ಆದರೆ, ಅದೂ ರನ್ ಖಾತೆಗೇ ಹೋಗುತ್ತದೆ.

ಲೆಕ್ಕ ತಿಳಿಯಲಿ ಅಂತ ಒಂದು ಪಂದ್ಯದ ಹಾಳೆಯನ್ನು ನಾವೇ ಕಟ್ಟಿಕೊಳ್ಳೋಣ. ಹಾಳೆಯಲ್ಲಿ 34 ರನ್, 33 ಪಾಸ್ ಅಂತ ಇದೆ. ರನ್‌ನಲ್ಲಿ ಬಂದದ್ದು 71 ಯಾರ್ಡ್, ಸರಾಸರಿ 2.1. ನೋಡಿದ ತಕ್ಷಣ ಏನನ್ನಿಸುತ್ತದೆ? ಬ್ಯಾಲೆನ್ಸ್ ಸರಿಯಾಗಿದೆ, ರನ್ ಮಾತ್ರ ಕೆಟ್ಟಿದೆ ಅಂತ ಅಲ್ವಾ?

ಈಗ ತೊಳೆಯೋಣ. ಆ 34ರಲ್ಲಿ 5 ಸ್ಯಾಕ್, ಒಟ್ಟು 38 ಯಾರ್ಡ್ ನಷ್ಟ. 4 ಸ್ಕ್ರ್ಯಾಂಬಲ್, ಒಟ್ಟು 22 ಯಾರ್ಡ್ ಲಾಭ. ಈ ಒಂಬತ್ತೂ ಪಾಸ್ ಅಂತಲೇ ಕರೆದ ಆಟಗಳು. ಅವನ್ನು ಆ ಕಡೆ ಹಾಕಿದರೆ ಕರೆದ ರನ್ 25, ಕರೆದ ಪಾಸ್ 42. ಅರ್ಧಕ್ಕರ್ಧ ಎಲ್ಲಿ ಉಳಿಯಿತು? ಇನ್ನು ಯಾರ್ಡ್ ನೋಡಿ. 71ಕ್ಕೆ 38 ಸೇರಿಸಿ 22 ಕಳೆದರೆ 87. 25 ರನ್‌ಗೆ 87 ಅಂದರೆ ಸರಾಸರಿ ಸುಮಾರು 3.5. ರನ್ ನಾವು ಅಂದುಕೊಂಡಷ್ಟು ಸತ್ತಿಲ್ಲ. ಹಾಳೆ ಹೇಳಿದ ಎರಡು ಮಾತೂ ಸುಳ್ಳಾಯಿತು.

ತೊಳೆಯುವಾಗ ಇನ್ನೆರಡು ತೆಗೆಯಿರಿ. ಕೊನೆಯಲ್ಲಿ ಸಮಯ ಕಳೆಯಲು ಮಂಡಿ ಊರಿದ ಆಟಗಳು ಬೇಡ. ಪಂದ್ಯ ಕೈಬಿಟ್ಟ ಮೇಲಿನ ಆಟಗಳೂ ಬೇಡ. ನಾಲ್ಕನೇ ಕ್ವಾರ್ಟರ್‌ನಲ್ಲಿ 17 ಪಾಯಿಂಟ್ ಹಿಂದಿರುವ ತಂಡ ಎಸೆಯಲೇಬೇಕು, ಮುಂದಿರುವ ತಂಡ ಓಡಿಸಿ ಗಡಿಯಾರ ತಿನ್ನಲೇಬೇಕು. ಗೆದ್ದ ತಂಡದ ರನ್ ಸಂಖ್ಯೆ ಜಾಸ್ತಿ ಕಾಣುವುದಕ್ಕೆ ಇದೂ ದೊಡ್ಡ ಕಾರಣ. "ಜಾಸ್ತಿ ಓಡಿಸಿದರೆ ಗೆಲ್ಲುತ್ತೇವೆ" ಅನ್ನುವವರು ಎಷ್ಟೋ ಸಲ ಗೆದ್ದಿದ್ದರಿಂದ ಓಡಿಸಿದ್ದನ್ನು ನೋಡಿ ಆ ಮಾತು ಹೇಳುತ್ತಿರುತ್ತಾರೆ.

ಆರ್‌ಪಿಒ ಇದ್ದರೆ ಮೂರನೇ ಕಾಲಂ ಹಾಕಿ. ಆರ್‌ಪಿಒ (ರನ್-ಪಾಸ್ ಆಪ್ಷನ್) ಅಂದರೆ ಒಂದೇ ಆಟದಲ್ಲಿ ರನ್ನೂ ಇದೆ, ಪಾಸೂ ಇದೆ. ಕ್ವಾರ್ಟರ್‌ಬ್ಯಾಕ್ ಎದುರಿನ ಒಬ್ಬನನ್ನು ನೋಡುತ್ತಾನೆ, ಹೆಚ್ಚಾಗಿ ಲೈನ್‌ಬ್ಯಾಕರ್, ಅಂದರೆ ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಲ್ಲುವವನು. ಅವನು ಮುಂದೆ ನುಗ್ಗಿದರೆ ಅವನ ಬೆನ್ನ ಹಿಂದಕ್ಕೆ ಪಾಸ್. ಹಿಂದೆ ಸರಿದರೆ ಬಾಲ್ ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಕೈಗೆ. ಕಾಲೇಜ್‌ನಲ್ಲಿ ಇದು ಇಷ್ಟು ಬೆಳೆದದ್ದಕ್ಕೆ ನಿಯಮದ ಬೆಂಬಲವೂ ಇದೆ. ಬಾಲ್ ಕೈಬಿಡುವವರೆಗೆ ಲೈನ್‌ಮನ್‌ಗಳು (ಎದುರಿನವರನ್ನು ತಡೆಯುವ, ಅಂದರೆ ಬ್ಲಾಕ್ ಮಾಡುವ, ಮುಂದಿನ ಸಾಲಿನವರು) 3 ಯಾರ್ಡ್ ಮುಂದೆ ಹೋಗಿರಬಹುದು. ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್. ಇಂಥ ಆಟವನ್ನು ಫಲಿತಾಂಶ ನೋಡಿ ರನ್ ಅಥವಾ ಪಾಸ್ ಅಂತ ಬರೆದರೆ ಕೋಚ್ ಏನು ಯೋಚಿಸಿದ್ದರು ಅನ್ನುವುದೇ ಅಳಿಸಿಹೋಗುತ್ತದೆ.

ಎರಡನೇ ಕೆಲಸ: ಡೌನ್ ಪ್ರಕಾರ ಬಿಡಿಸಿ

ಅದೇ ಹಾಳೆಯ 67 ಆಟಗಳನ್ನು ಈಗ ಡೌನ್ ಪ್ರಕಾರ ಹರಡಿ. ಮೊದಲ ಡೌನ್: 19 ರನ್, 9 ಪಾಸ್. ಎರಡನೇ ಡೌನ್: 5 ರನ್, 16 ಪಾಸ್. ಮೂರನೇ ಡೌನ್: 1 ರನ್, 15 ಪಾಸ್. ನಾಲ್ಕನೇ ಡೌನ್‌ನಲ್ಲಿ ಎರಡೂ ಪಾಸ್.

ಕಾಯಿಲೆ ಇಲ್ಲಿದೆ. ಮೊದಲ ಡೌನ್ ಅಂದರೆ ರನ್, ಆಮೇಲೆಲ್ಲ ಪಾಸ್. ಎದುರಿನ ಲೈನ್‌ಬ್ಯಾಕರ್ ಹುಡುಗ ಡೌನ್‌ಗಳ ಎರಡು ಸರಣಿ ನೋಡಿದರೆ ಸಾಕು, ಮುಂದಿನದನ್ನು ಊಹಿಸುತ್ತಾನೆ. ಒಟ್ಟು ಮೊತ್ತದಲ್ಲಿ ಕಾಣದ ತಪ್ಪು ಡೌನ್ ಬಿಡಿಸಿದ ಕೂಡಲೇ ಎದ್ದು ಕಾಣುತ್ತದೆ. ಒಟ್ಟು ಸರಿಸಮ ಇದ್ದರೂ ತಂಡ ಪೂರ್ತಿ ವಾಲಿರಬಹುದು.

ಇದರ ಪಕ್ಕದಲ್ಲೇ ಇನ್ನೊಂದು ಕಾಲಂ ಬೇಕು: ಆ ಆಟ ಯಶಸ್ಸೋ ಅಲ್ಲವೋ. ಕಾಲೇಜ್ ಆಟದಲ್ಲಿ ಜನ ಬಳಸುವ ಅಳತೆ ಸರಳ. ಮೊದಲ ಡೌನ್‌ನಲ್ಲಿ ಬೇಕಾದ ಯಾರ್ಡ್‌ನ ಶೇ. 50, ಎರಡನೆಯದರಲ್ಲಿ ಶೇ. 70, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ ಬಂದರೆ ಯಶಸ್ಸು. ಅಂದರೆ ಮೊದಲ ಡೌನ್‌ಗೆ 10 ಬೇಕಿದ್ದಾಗ 5 ಬಂದರೆ ಯಶಸ್ಸು, 3 ಬಂದರೆ ಸೋಲು. ಎರಡನೇ ಡೌನ್‌ಗೆ 8 ಅಥವಾ ಹೆಚ್ಚು, ಮೂರನೆಯದಕ್ಕೆ 5 ಅಥವಾ ಹೆಚ್ಚು ಬೇಕಿರುವ ಹೊತ್ತನ್ನು "ಪಾಸಿಂಗ್ ಡೌನ್" ಅನ್ನುತ್ತಾರೆ. ಪಾಸ್ ಬರುತ್ತದೆ ಅಂತ ಸ್ಟೇಡಿಯಂನಲ್ಲಿರುವ ಎಲ್ಲರಿಗೂ ಗೊತ್ತಿರುವ ಹೊತ್ತು ಅದು.

ನಮ್ಮ ಹಾಳೆಯಲ್ಲಿ ಮೊದಲ ಡೌನ್‌ನ 19 ರನ್‌ಗಳಲ್ಲಿ 6 ಮಾತ್ರ ಯಶಸ್ಸು ಅಂತಿಟ್ಟುಕೊಳ್ಳಿ. ಉಳಿದ 13 ಸಲ ತಂಡ ತಾನಾಗೇ ಹೋಗಿ ಕಷ್ಟದ ಜಾಗದಲ್ಲಿ ನಿಂತಿದೆ. ಮೂರನೇ ಡೌನ್‌ಗೆ 9 ಯಾರ್ಡ್ ಬೇಕಾದಾಗ ಪಾಸ್ ರಷರ್‌ಗಳು ರನ್ ಬಗ್ಗೆ ಯೋಚನೆಯನ್ನೇ ಮಾಡದೆ ಸೀದಾ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳುತ್ತಾರೆ. ಸ್ಯಾಕ್ ಆಗುವುದು ಆಗಲೇ. ನೋಡುವವರು ಲೈನ್ ಕೆಟ್ಟಿದೆ, ಕ್ವಾರ್ಟರ್‌ಬ್ಯಾಕ್ ಬಾಲ್ ಹಿಡ್ಕೊಂಡು ನಿಲ್ತಾನೆ ಅಂತ ಬೈಯುತ್ತಾರೆ. ತಪ್ಪು ಶುರುವಾದದ್ದು ಎರಡು ಆಟ ಹಿಂದೆ.

ಮೂರನೇ ಕೆಲಸ: ಬಾಕ್ಸ್ ಎಣಿಸಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಕೊಡಿ. ಬೇರೇನೂ ಮಾಡಲು ಪುರುಸೊತ್ತಿಲ್ಲದಿದ್ದರೆ ಇದೊಂದನ್ನಾದರೂ ಮಾಡಿ.

ಬಾಕ್ಸ್ ಅಂದರೆ ನಮ್ಮ ಲೈನ್ ಎದುರಿಗೆ, ಸುಮಾರು 5 ಯಾರ್ಡ್ ಆಳದವರೆಗಿನ ಚೌಕ. ಅದರಲ್ಲಿ ನಿಂತಿರುವ ಡಿಫೆನ್ಸ್ ಆಟಗಾರರನ್ನು ಎಣಿಸಬೇಕು. ನಮ್ಮ ಕಡೆ ಐದು ಲೈನ್‌ಮನ್, ಅವರ ತುದಿಯಲ್ಲಿ ನಿಂತು ಬ್ಲಾಕ್ ಮಾಡುವ, ಪಾಸೂ ಹಿಡಿಯುವ ಒಬ್ಬ ಟೈಟ್ ಎಂಡ್, ಒಟ್ಟು ಆರು ಬ್ಲಾಕರ್. ಬಾಕ್ಸ್‌ನಲ್ಲಿ ಆರು ಜನ ಇದ್ದರೆ ಒಬ್ಬೊಬ್ಬರಿಗೆ ಒಬ್ಬೊಬ್ಬರು. ರನ್ನಿಂಗ್ ಬ್ಯಾಕ್‌ಗೆ ದಾರಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಏಳು ಜನ ಇದ್ದರೆ ಒಬ್ಬ ಖಾಲಿ. ಅವನನ್ನು ಯಾರೂ ಮುಟ್ಟುವುದಿಲ್ಲ, ಅವನು ಬಂದು ಹಿಡಿಯುತ್ತಾನೆ. ಇದು ಶಕ್ತಿಯ ಮಾತಲ್ಲ, ಬರೀ ಎಣಿಕೆ.

ಆ ಏಳನೆಯವನು ಎಲ್ಲಿಂದ ಬಂದ? ಹಿಂದೆ ನಿಂತಿದ್ದ ಇಬ್ಬರು ಸೇಫ್ಟಿಗಳಲ್ಲಿ ಒಬ್ಬ ಇಳಿದು ಬಂದಿರುತ್ತಾನೆ. ಈಗ ಆಳದಲ್ಲಿ ಉಳಿದವನು ಒಬ್ಬನೇ. ಪಾಸ್ ಹಿಡಿಯಲು ಅಂಚಿನಲ್ಲಿರುವ ನಮ್ಮ ರಿಸೀವರ್‌ಗೆ ಹೆಚ್ಚು ಕಡಿಮೆ ಒಬ್ಬನೇ ಕಾವಲು. ಆಗ ಪಾಸ್ ಎಸೆಯದಿದ್ದರೆ ಇನ್ನು ಯಾವಾಗ?

ಹಾಗಾಗಿ ಪ್ರತಿ ರನ್ ಪಕ್ಕದಲ್ಲೂ ಬಾಕ್ಸ್ ಸಂಖ್ಯೆ ಬರೆಯಿರಿ. ನಮ್ಮ ಹಾಳೆಯ 25 ರನ್‌ಗಳನ್ನು ಹೀಗೆ ಬಿಡಿಸೋಣ. ಏಳು ಅಥವಾ ಹೆಚ್ಚು ಜನರ ಎದುರು 16 ರನ್, 35 ಯಾರ್ಡ್. ಆರು ಜನರ ಎದುರು 9 ರನ್, 52 ಯಾರ್ಡ್. ಒಂದರ ಸರಾಸರಿ 2.2, ಇನ್ನೊಂದರದು 5.8. ಬ್ಲಾಕ್ ಮಾಡುವ ಹುಡುಗರು ಅವರೇ, ಓಡುವವನೂ ಅವನೇ. ಬದಲಾಗಿದ್ದು ಎದುರಿನ ಒಂದು ತಲೆ.

ಇದನ್ನು ನೋಡಿದ ಮೇಲೆ ತೀರ್ಪು ಹೇಳುವುದು ಸುಲಭ. ತುಂಬಿದ ಬಾಕ್ಸ್‌ಗೆ ಓಡಿಸಿ ಸೋಲುತ್ತಿದ್ದರೆ ಅದು ಬ್ಯಾಲೆನ್ಸ್ ತಪ್ಪು, ಮೊದಲ ಡೌನ್‌ನಲ್ಲಿ ಎಸೆಯಿರಿ. ಆರೇ ಜನ ಇದ್ದಾಗಲೂ ಎರಡು ಯಾರ್ಡ್ ಬರುತ್ತಿದ್ದರೆ ಅದು ಬ್ಯಾಲೆನ್ಸ್ ಅಲ್ಲ, ಬ್ಲಾಕಿಂಗ್ ತಪ್ಪು. ಎಷ್ಟೇ ಪಾಸ್ ಸೇರಿಸಿದರೂ ವಾಸಿಯಾಗುವುದಿಲ್ಲ, ಲೈನ್ ಕೋಚ್ ಹತ್ತಿರ ಹೋಗಬೇಕು. ಇಬ್ಬರು ಸೇಫ್ಟಿಗಳು ಆಳದಲ್ಲಿ ಕೂತಿದ್ದಾರೆ, ಬಾಕ್ಸ್‌ನಲ್ಲಿ ಆರೇ ಜನ, ಆದರೂ ನೀವು ಉದ್ದುದ್ದ ಪಾಸ್ ಎಸೆದು ಕಳೆದುಕೊಳ್ಳುತ್ತಿದ್ದೀರಿ ಅಂದರೆ ತಪ್ಪು ತಿರುಗುಮುರುಗಾಗಿದೆ. ಅಲ್ಲಿ ಓಡಿಸಬೇಕು. ಪಾಸ್ ಪ್ರಿಯ ತಂಡಗಳಿಗೆ ಈ ಕಾಯಿಲೆ ಜಾಸ್ತಿ.

ಎಣಿಸುವಾಗ ಒಂದು ಎಚ್ಚರ. ಬಾಲ್ ಹೊರಡುವ ಮೊದಲು ಇದ್ದ ಸಂಖ್ಯೆ, ಹೊರಟ ಮೇಲಿನ ಸಂಖ್ಯೆ ಎರಡನ್ನೂ ಬರೆಯಿರಿ. ಒಳ್ಳೆ ಡಿಫೆನ್ಸ್‌ಗಳು ಇಬ್ಬರು ಸೇಫ್ಟಿಗಳನ್ನು ಆಳದಲ್ಲಿ ತೋರಿಸಿ, ಬಾಲ್ ಹೊರಟ ಕ್ಷಣದಲ್ಲಿ ಒಬ್ಬನನ್ನು ಕೆಳಗಿಳಿಸುತ್ತವೆ. ಕ್ವಾರ್ಟರ್‌ಬ್ಯಾಕ್ ಆರು ಅಂತ ಎಣಿಸಿ ರನ್ ಒಪ್ಪಿದ, ಬಾಲ್ ಕೈ ಬದಲಾಗುವಷ್ಟರಲ್ಲಿ ಏಳಾಯಿತು. ನಾನು ವಿಡಿಯೊವನ್ನು ಬಾಲ್ ಕೈ ಬದಲಾಗುವ ಚೌಕಟ್ಟಿನಲ್ಲಿ ನಿಲ್ಲಿಸಿ ಇನ್ನೊಮ್ಮೆ ಎಣಿಸುತ್ತೇನೆ. ಎರಡೂ ಸಂಖ್ಯೆ ಪದೇ ಪದೇ ಬೇರೆ ಬರುತ್ತಿದ್ದರೆ ಆಟ ಕರೆದವರನ್ನು ದೂರುವುದರಲ್ಲಿ ಅರ್ಥವಿಲ್ಲ. ಎದುರಿನವರು ವೇಷ ಹಾಕುತ್ತಿದ್ದಾರೆ. ಅದಕ್ಕೆ ಮದ್ದು, ಬಾಲ್ ಹೊರಟ ಮೇಲೆ ತೀರ್ಮಾನ ಮಾಡುವ ಆರ್‌ಪಿಒ ಅಥವಾ ಝೋನ್ ರೀಡ್.

ಝೋನ್ ರೀಡ್ ಬಗ್ಗೆ ಎರಡು ಮಾತು. ಕ್ವಾರ್ಟರ್‌ಬ್ಯಾಕ್ ಬಾಲ್ ಕೊಟ್ಟು ನಿಂತುಬಿಟ್ಟರೆ ನಮ್ಮ ಕಡೆ ಹತ್ತೇ ಜನ ಆಡಿದ ಹಾಗೆ, ಅವರ ಕಡೆ ಹನ್ನೊಂದು. ಝೋನ್ ರೀಡ್‌ನಲ್ಲಿ ಎದುರಿನ ಅಂಚಿನವನನ್ನು ಬೇಕೆಂದೇ ಬ್ಲಾಕ್ ಮಾಡದೆ ಬಿಡುತ್ತಾರೆ. ಅವನು ಓಡುವವನ ಹಿಂದೆ ಬಿದ್ದರೆ ಕ್ವಾರ್ಟರ್‌ಬ್ಯಾಕ್ ಬಾಲ್ ಇಟ್ಟುಕೊಂಡು ಅವನು ಬಿಟ್ಟ ಜಾಗದಿಂದ ಹೊರಡುತ್ತಾನೆ. ಹೀಗೆ ಕಣ್ಣಿನಿಂದಲೇ ಒಬ್ಬನನ್ನು ಬ್ಲಾಕ್ ಮಾಡಿದಂತಾಯಿತು. ಎಣಿಕೆ ಸಮ.

ಆರ್ಮಿ, ನೇವಿ, ಏರ್ ಫೋರ್ಸ್ ಅಕಾಡೆಮಿಗಳ ತಂಡಗಳು ಈ ಎಣಿಕೆಯನ್ನೇ ನಂಬಿ ವರ್ಷಗಟ್ಟಲೆ ಆಪ್ಷನ್ ಆಟ ಆಡಿವೆ. ಸೈನ್ಯಕ್ಕೆ ಸೇರುವ ಹುಡುಗರು, ದೇಹ ತೂಕಕ್ಕೆ ಮಿತಿ ಇದೆ. ದೊಡ್ಡ ದೊಡ್ಡ ಲೈನ್‌ಮನ್‌ಗಳನ್ನು ಸುಮ್ನೆ ತಳ್ಳಿ ಗೆಲ್ಲಲು ಆಗುವುದಿಲ್ಲ. ಅದಕ್ಕೆ ಇಬ್ಬರನ್ನು ಬ್ಲಾಕ್ ಮಾಡದೆ ಬಿಟ್ಟು, ಮಧ್ಯದ ಓಟ, ಕ್ವಾರ್ಟರ್‌ಬ್ಯಾಕ್ ಓಟ, ಹೊರಗೆ ಓಡುವವನಿಗೆ ಪಕ್ಕಕ್ಕೆ ಎಸೆಯುವ ಪಿಚ್ ಅಂತ ಮೂರು ದಾರಿ ಇಡುತ್ತಾರೆ. ಕೆಲವು ಪಂದ್ಯದಲ್ಲಿ ಪಾಸ್ ಬೆರಳೆಣಿಕೆಯಷ್ಟೇ. ಆದರೂ ನನ್ನ ಲೆಕ್ಕದಲ್ಲಿ ಅದು ಬ್ಯಾಲೆನ್ಸ್ ಇರುವ ಆಫೆನ್ಸ್, ಯಾಕೆಂದರೆ ಎದುರಿನವನು ಯಾವ ದಾರಿ ಮುಚ್ಚಿದರೂ ಇನ್ನೊಂದು ತೆರೆದಿರುತ್ತದೆ. ಟೆಕ್ಸಸ್ ಟೆಕ್ ಯೂನಿವರ್ಸಿಟಿಯಲ್ಲಿ 2000ದಿಂದ 2009ರವರೆಗೆ ಕೋಚ್ ಆಗಿದ್ದ ಮೈಕ್ ಲೀಚ್ ಇದರ ಎದುರು ತುದಿಯಲ್ಲಿದ್ದರು. ಅವರ ಏರ್ ರೇಡ್ ಅನ್ನುವ ಆಫೆನ್ಸ್‌ನಲ್ಲಿ ಬಹುಪಾಲು ಪಾಸೇ. ಅರ್ಧಕ್ಕರ್ಧ ಮಾಡುವುದು ಬ್ಯಾಲೆನ್ಸ್ ಅಲ್ಲ, ಬಾಲ್ ಮುಟ್ಟಬಲ್ಲ ಎಲ್ಲ ಆಟಗಾರರೂ ಕೊಡುಗೆ ಕೊಡುವುದೇ ಬ್ಯಾಲೆನ್ಸ್ ಅನ್ನುವುದು ಅವರ ವಾದವಾಗಿತ್ತು. ಎರಡು ತುದಿಯವರೂ ಹೇಳುವುದು ಒಂದೇ: ಎದುರಿನವನು ಮೈದಾನ ಪೂರ್ತಿ ಕಾಯುವ ಹಾಗಾಗಬೇಕು.

ಮೈದಾನ ಅಂದ ಕೂಡಲೇ ನೆನಪಾಯಿತು. ಪ್ರತಿ ಆಟ ಶುರುವಾಗುವಾಗ ಬಾಲ್ ಇಡುವುದು ಎರಡು ಹ್ಯಾಶ್ ಗೆರೆಗಳ ಮೇಲೆ ಅಥವಾ ನಡುವೆ. ಕಾಲೇಜ್‌ನಲ್ಲಿ ಆ ಗೆರೆಗಳ ನಡುವೆ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ ಬರೀ 18 ಅಡಿ 6 ಇಂಚು. ಬಾಲ್ ಕಾಲೇಜ್ ಹ್ಯಾಶ್ ಮೇಲಿದ್ದರೆ ಒಂದು ಕಡೆ 60 ಅಡಿ, ಇನ್ನೊಂದು ಕಡೆ 100 ಅಡಿ. ಕಿರಿದಾದ ಕಡೆಗೆ ರನ್, ಅಗಲದ ಕಡೆಗೆ ಪಾಸ್ ಅನ್ನುವ ಅಭ್ಯಾಸ ತಂಡಕ್ಕೆ ಗೊತ್ತಿಲ್ಲದೆಯೇ ಅಂಟಿಕೊಂಡಿರುತ್ತದೆ. ಡೌನ್ ಕಾಲಂ ಪಕ್ಕ ಹ್ಯಾಶ್ ಕಾಲಂ ಕೂಡ ಇಡಿ.

ನಾಲ್ಕನೇ ಕೆಲಸ: ಮೈ ಹೇಳುವ ಗುಟ್ಟು ಹುಡುಕಿ

ಕೆಲವು ಸಲ ಡೌನ್ ಲೆಕ್ಕ ಸರಿ ಇರುತ್ತದೆ, ಬಾಕ್ಸ್ ಕೂಡ ಹಗುರ ಇರುತ್ತದೆ, ಆದರೂ ಎದುರಿನವರು ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ರನ್ ಅಂದರೆ ಓಡಿ ಬರುತ್ತಾರೆ, ಪಾಸ್ ಅಂದರೆ ಹಿಂದೆ ಸರಿದಾಗಿರುತ್ತದೆ. ಆಗ ನಮ್ಮ ಹುಡುಗರೇ ಎಲ್ಲೋ ಹೇಳಿಬಿಡುತ್ತಿದ್ದಾರೆ ಅಂತ ಅರ್ಥ.

ಹೋದ ಸೀಸನ್‌ನಲ್ಲಿ ನನಗೆ ಇದು ವಿಡಿಯೊದಲ್ಲಿ ಸಿಗಲಿಲ್ಲ. ಮಂಗಳವಾರ ಸಂಜೆ ಅಭ್ಯಾಸಕ್ಕೆ ಹೋಗಿ, ಲೈನ್ ಪಕ್ಕದಲ್ಲಿ ಹುಲ್ಲಿನ ಮೇಲೆ ಮಂಡಿಯೂರಿ ಕೂತೆ. ಬಲಗಡೆ ಗಾರ್ಡ್ ಹುಡುಗ, ಅಂದರೆ ಲೈನ್‌ನ ನಡುವಿನವನ ಪಕ್ಕ ನಿಲ್ಲುವವನು, ಕೈ ನೆಲಕ್ಕೂರಿದ. ರನ್ ಇದ್ದಾಗ ಪೂರ್ತಿ ಭಾರ ಮುಂದಕ್ಕೆ, ಮೂರು ಬೆರಳು ಹುಲ್ಲಿಗೆ ಒತ್ತಿ ಉಗುರಿನ ಸುತ್ತ ಬೆಳ್ಳಗಾಗುತ್ತಿತ್ತು. ಪಾಸ್ ಇದ್ದಾಗ ಹಿಂದೆ ಸರಿಯಬೇಕಲ್ಲ, ಭಾರ ಹಿಮ್ಮಡಿಗೆ ಹೋಗುತ್ತಿತ್ತು. ಬೆರಳು ಹುಲ್ಲನ್ನು ಬರೀ ಸವರುತ್ತಿತ್ತು, ಬಣ್ಣ ಎಂದಿನಂತೆ. ಎಂಟು ಆಟ ನೋಡಿದೆ, ಎಂಟೂ ಸಲ ಬೆರಳು ನೋಡಿಯೇ ಹೇಳಿದೆ. ನಾನು ಹೇಳಬಲ್ಲೆನಾದರೆ ಎದುರಿಗೆ ಮೂರು ಅಡಿ ದೂರದಲ್ಲಿ ನಿಂತ ಡಿಫೆನ್ಸ್ ಟ್ಯಾಕಲ್ ಹುಡುಗ ಹೇಳದೆ ಇರುತ್ತಾನಾ? ಆ ಹುಡುಗನ ತಪ್ಪು ಅಂತ ಅನ್ನಬೇಡಿ. ಚೆನ್ನಾಗಿ ಬ್ಲಾಕ್ ಮಾಡಬೇಕು ಅನ್ನುವ ಆಸೆಯೇ ಅವನ ಬೆರಳಿಗೆ ಇಳಿದಿತ್ತು. ಎರಡು ವಾರ ಕೂತು, ಎರಡಕ್ಕೂ ಒಂದೇ ಭಂಗಿ ಬರುವವರೆಗೆ ಅಭ್ಯಾಸ ಮಾಡಿದ.

ಇಂಥವು ಇನ್ನೂ ಇರುತ್ತವೆ. ಪಾಸ್ ಕಾವಲಿಗೆ ನಿಲ್ಲುವಾಗ ರನ್ನಿಂಗ್ ಬ್ಯಾಕ್ ಕ್ವಾರ್ಟರ್‌ಬ್ಯಾಕ್ ಪಕ್ಕಕ್ಕೆ ಅರ್ಧ ಹೆಜ್ಜೆ ಮುಂದೆ ಬರುತ್ತಾನೆ. ರನ್ ಅಂತ ಗೊತ್ತಿದ್ದಾಗ ದೂರದ ರಿಸೀವರ್ ನಿಧಾನಕ್ಕೆ ನಡೆದು ಬಂದು ನಿಲ್ಲುತ್ತಾನೆ, ಪಾಸ್ ಅಂದರೆ ಚುರುಕಾಗಿ ಬರುತ್ತಾನೆ. ಎರಡನೇ ಟೈಟ್ ಎಂಡ್ ಮೈದಾನಕ್ಕಿಳಿದರೆ ರನ್, ಅವನು ಹೊರಗೆ ಹೋದರೆ ಪಾಸ್. ಈ ಕೊನೆಯದನ್ನು ಸ್ಟ್ಯಾಂಡ್‌ನಲ್ಲಿ ಕೂತವರೂ ಲೆಕ್ಕ ಹಾಕಬಹುದು. ಯಾವ ಜೋಡಣೆಯಲ್ಲಿ ಎಷ್ಟು ರನ್, ಎಷ್ಟು ಪಾಸ್ ಅಂತ ಬರೆದು, ಹತ್ತಕ್ಕೆ ಎಂಟು ಒಂದೇ ಕಡೆ ಬಿದ್ದರೆ ಕೆಂಪು ಗುರುತು ಹಾಕಿ. ಸರಿಪಡಿಸುವುದಕ್ಕೆ ಹೊಸ ಆಟ ಬೇಕಿಲ್ಲ. ಅದೇ ಜೋಡಣೆಯಿಂದ, ಅದೇ ಮೊದಲ ಎರಡು ಹೆಜ್ಜೆಯಿಂದ ಹೊರಡುವ ಇನ್ನೊಂದು ಆಟ ಸೇರಿಸಿದರೆ ಸಾಕು.

ಪ್ಲೇ ಆ್ಯಕ್ಷನ್: "ಮೊದಲು ರನ್ ಗಟ್ಟಿ ಮಾಡಿ" ಅನ್ನುವವರಿಗೆ

ರನ್ ಕೊಟ್ಟಂತೆ ನಟಿಸಿ ಎಸೆಯುವುದು ಪ್ಲೇ ಆ್ಯಕ್ಷನ್. ಮೊದಲು ಹತ್ತಿಪ್ಪತ್ತು ಸಲ ಓಡಿಸಿದರೆ ಮಾತ್ರ ಇದು ಕೆಲಸ ಮಾಡುತ್ತದೆ ಅನ್ನುವ ನಂಬಿಕೆ ಹಳೆಯದು. ನಾನು ಒಪ್ಪುವುದಿಲ್ಲ. ಲೈನ್‌ಬ್ಯಾಕರ್‌ಗೆ ಕಲಿಸಿರುವುದೇ ಗಾರ್ಡ್‌ನ ಹೆಜ್ಜೆ ನೋಡು, ಬಾಲ್ ಕೈ ಬದಲಾಗುವುದು ನೋಡು ಅಂತ. ಪಂದ್ಯದ ಮೊದಲ ಆಟದಲ್ಲೂ ಅವನು ಅದನ್ನೇ ನೋಡುತ್ತಾನೆ. ನಟನೆ ಚೆನ್ನಾಗಿದ್ದರೆ ಮೊದಲ ಆಟದಲ್ಲೇ ಎರಡು ಹೆಜ್ಜೆ ಮುಂದೆ ಬರುತ್ತಾನೆ, ಅವನ ಬೆನ್ನ ಹಿಂದೆ ಜಾಗ ಸಿಗುತ್ತದೆ. ಕೆಲಸ ಮಾಡದಿದ್ದರೆ ರನ್ ಸಂಖ್ಯೆ ಹೆಚ್ಚಿಸುವ ಮೊದಲು ನಟನೆ ನೋಡಿ. ಕ್ವಾರ್ಟರ್‌ಬ್ಯಾಕ್ ಬಾಲನ್ನು ನಿಜವಾಗಿ ಹೊಟ್ಟೆಯ ಹತ್ತಿರ ಒಯ್ದನಾ, ಇಲ್ಲ ಗಾಳಿಯಲ್ಲಿ ಕೈ ಆಡಿಸಿದನಾ? ಲೈನ್‌ಮನ್‌ಗಳ ಹೆಲ್ಮೆಟ್ ತಕ್ಷಣ ಮೇಲೆದ್ದಿತಾ? ಎದ್ದರೆ ಲೈನ್‌ಬ್ಯಾಕರ್‌ಗೆ ಪಾಸ್ ಅಂತ ಗೊತ್ತಾಯಿತು.

ಬ್ಯಾಲೆನ್ಸ್ ಮುರಿಯಬೇಕಾದ ದಿನಗಳು

ವಾಲುವುದೇ ಸರಿ ಅನ್ನುವ ದಿನವೂ ಬರುತ್ತದೆ. 2023ರ ನವೆಂಬರ್ 11ರಂದು ಮಿಷಿಗನ್ ತಂಡ ಪೆನ್ ಸ್ಟೇಟ್ ಮೈದಾನದಲ್ಲಿ ಆಡಿತು. ಎರಡನೇ ಅರ್ಧದಲ್ಲಿ ದಾಖಲೆಗೆ ಒಂದು ಪಾಸೂ ಸೇರಲಿಲ್ಲ. ಸತತ 32 ರನ್. ಗೆದ್ದದ್ದು 24-15. ಕ್ವಾರ್ಟರ್‌ಬ್ಯಾಕ್ ಜೆ. ಜೆ. ಮೆಕಾರ್ಥಿ ಇಡೀ ದಿನ ಎಸೆದದ್ದು 8 ಪಾಸ್. ಎದುರಿನ ತಂಡದ ಬಲ ಪಾಸ್ ರಷ್‌ನಲ್ಲಿತ್ತು, ಮಿಷಿಗನ್ ಮುಂದಿತ್ತು, ಓಟ ಸಾಗುತ್ತಿತ್ತು. ಮತ್ತೆ ಎಸೆದು ಕಷ್ಟ ತಂದುಕೊಳ್ಳುವುದು ಯಾಕೆ? ಅದೇ ವರ್ಷದಿಂದ ಕಾಲೇಜ್ ಆಟದ ಮೇಲಿನ ಎರಡು ಹಂತಗಳಾದ ಡಿವಿಷನ್ ಒಂದು ಮತ್ತು ಎರಡರಲ್ಲಿ ಫಸ್ಟ್ ಡೌನ್ ಆದಾಗ (10 ಯಾರ್ಡ್ ದಾಟಿ ಹೊಸ ನಾಲ್ಕು ಪ್ರಯತ್ನ ಸಿಕ್ಕಾಗ) ಗಡಿಯಾರ ನಿಲ್ಲಿಸುವುದನ್ನು, ಪ್ರತಿ ಅರ್ಧದ ಕೊನೆಯ ಎರಡು ನಿಮಿಷ ಬಿಟ್ಟು, ಕೈಬಿಟ್ಟರು. ಮುಂದಿರುವ ತಂಡದ ರನ್‌ಗೆ ಇದರಿಂದ ಬೆಲೆ ಇನ್ನೂ ಹೆಚ್ಚಾಯಿತು.

ಇನ್ನೊಂದು ತುದಿ 2016ರ ಅಕ್ಟೋಬರ್ 22. ಟೆಕ್ಸಸ್ ಟೆಕ್‌ನ ಪ್ಯಾಟ್ರಿಕ್ ಮಹೋಮ್ಸ್ ಓಕ್ಲಹೋಮಾ ಎದುರು 88 ಪಾಸ್ ಎಸೆದು 734 ಯಾರ್ಡ್ ತಂದರು. ತಂಡ ಸೋತಿತು, 66-59. ಇದನ್ನು ತೋರಿಸಿ ರನ್ ಕಡಿಮೆಯಾಯಿತು ಅನ್ನುವವರಿದ್ದಾರೆ. 59 ಪಾಯಿಂಟ್ ತಂದ ಆಫೆನ್ಸ್‌ಗೆ ಯಾವ ಕಾಯಿಲೆ? ಆ ದಿನ ತಪ್ಪು ಮೈದಾನದ ಈ ಕಡೆ ಇರಲಿಲ್ಲ, 66 ಬಿಟ್ಟುಕೊಟ್ಟ ಕಡೆ ಇತ್ತು.

ಹಾಗೆಂದು ವಾಲಿದ್ದೆಲ್ಲ ಸರಿಯಲ್ಲ. ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಕಥೆ ಕೇಳಿ. 2012ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಅಲಬಾಮಾ ಎದುರು ಚಾಂಪಿಯನ್‌ಷಿಪ್ ಪಂದ್ಯ. ಅಲ್ಲಿಯವರೆಗೆ ಒಂದೂ ಸೋಲದೆ ಓಟ ಮತ್ತು ಡಿಫೆನ್ಸ್ ಬಲದಿಂದ ಬಂದ ತಂಡ. ಆ ರಾತ್ರಿ ಓಟಕ್ಕೆ ದಾರಿ ಮುಚ್ಚಿತು, ಪಾಸ್‌ಗೆ ಹೆದರಿಸುವ ಶಕ್ತಿ ಇರಲಿಲ್ಲ. ಒಟ್ಟು 92 ಯಾರ್ಡ್, ಸೊನ್ನೆ ಪಾಯಿಂಟ್, 21-0 ಸೋಲು. ಮಧ್ಯದ ಗೆರೆ ದಾಟಿದ್ದು ಒಂದೇ ಸಲ, ಅದೂ ನಾಲ್ಕನೇ ಕ್ವಾರ್ಟರ್‌ನಲ್ಲಿ. ಎಂಟು ವರ್ಷ ಬಿಟ್ಟು, 2020ರ ಜನವರಿ 13ರಂದು, ಅದೇ ಕಟ್ಟಡದಲ್ಲಿ ಅದೇ ಎಲ್‌ಎಸ್‌ಯು ಕ್ಲೆಮ್ಸನ್ ತಂಡವನ್ನು 42-25ರಿಂದ ಸೋಲಿಸಿ 15-0 ಸೀಸನ್ ಮುಗಿಸಿತು. ಕ್ವಾರ್ಟರ್‌ಬ್ಯಾಕ್ ಜೋ ಬರೋ ಆ ಸೀಸನ್‌ನಲ್ಲಿ 5,671 ಯಾರ್ಡ್, 60 ಟಚ್‌ಡೌನ್ (ಗೋಲ್ ಗೆರೆ ದಾಟಿಸಿದ) ಪಾಸ್. ಎಲ್ಲರೂ ಇಷ್ಟನ್ನೇ ಹೇಳುತ್ತಾರೆ. ಅದೇ ಸೀಸನ್‌ನಲ್ಲಿ ರನ್ನಿಂಗ್ ಬ್ಯಾಕ್ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ 1,414 ಯಾರ್ಡ್ ಓಡಿದ್ದನ್ನು ಹೇಳುವವರು ಕಡಿಮೆ. ರಿಸೀವರ್‌ಗಳಿಗೆ ಹೆದರಿ ಡಿಫೆನ್ಸ್ ಹರಡಿಕೊಂಡು ನಿಂತಿತು, ಬಾಕ್ಸ್ ಹಗುರಾಯಿತು, ಅವನು ಓಡಿದ. ಅವನು ಪಾಸ್ ಹಿಡಿಯುವುದರಲ್ಲೂ ನಿಪುಣ, ಹಾಗಾಗಿ ಅವನು ಮೈದಾನದಲ್ಲಿದ್ದಾನೆ ಅಂದ ಮಾತ್ರಕ್ಕೆ ರನ್ ಅಂತ ಹೇಳಲು ಆಗುತ್ತಿರಲಿಲ್ಲ.

ಇದು ಬ್ಯಾಲೆನ್ಸ್ ತಪ್ಪೇ ಅಲ್ಲ ಅನ್ನುವ ಸಂದರ್ಭಗಳು

ಮೊದಲ ಡೌನ್‌ನಲ್ಲೇ ಬಾಲ್ ಹೊರಡುವ ಮೊದಲು ಅಲುಗಿ ಫಾಲ್ಸ್ ಸ್ಟಾರ್ಟ್ ಪೆನಾಲ್ಟಿ ಬಿದ್ದು 15 ಯಾರ್ಡ್ ಬೇಕಾದರೆ ಯಾವ ಯೋಜನೆಯೂ ಉಳಿಯುವುದಿಲ್ಲ. ರಿಸೀವರ್ ಕೈಯಿಂದ ಬಾಲ್ ಜಾರುತ್ತಿದ್ದರೆ ಅದು ಕರೆದ ಆಟದ ತಪ್ಪಲ್ಲ. ಎದುರಾಳಿಯ ಗೋಲ್ ಗೆರೆಯ ಹತ್ತಿರ, ಕೊನೆಯ 10 ಯಾರ್ಡ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇರೆ ಲೆಕ್ಕ. ಅಲ್ಲಿ ಸೇಫ್ಟಿಗಳಿಗೆ ಕಾಯಲು ಆಳವೇ ಇಲ್ಲ, ಎಲ್ಲರೂ ಮುಂದೆ ಬರುತ್ತಾರೆ. ಅದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ, ಉಳಿದದ್ದರ ಜೊತೆ ಬೆರೆಸಬೇಡಿ.

ಸರಿಪಡಿಸುವಾಗ

ಒಂದು ವಾರಕ್ಕೆ ಒಂದೇ ಬದಲಾವಣೆ. ನಮ್ಮ ಹಾಳೆಯ ತಂಡಕ್ಕೆ ನಾನಾಗಿದ್ದರೆ ಇಷ್ಟೇ ಹೇಳುತ್ತಿದ್ದೆ: ಮೊದಲ ಡೌನ್‌ನಲ್ಲಿ ಬಾಕ್ಸ್‌ನಲ್ಲಿ ಏಳು ಕಂಡರೆ ಮೂರೇ ಹೆಜ್ಜೆ ಹಿಂದೆ ಸರಿದು ಎಸೆಯುವ ಚಿಕ್ಕ ಪಾಸ್, ಆರು ಕಂಡರೆ ರನ್. ಎರಡನೇ ಡೌನ್‌ಗೆ 6 ಅಥವಾ ಕಡಿಮೆ ಬೇಕಿದ್ದಾಗ ರನ್ ಸೇರಿಸಿ. ಉಳಿದದ್ದನ್ನು ಮುಟ್ಟಬೇಡಿ. ಪಂದ್ಯದ ಮೊದಲ ಹದಿನೈದು ಆಟಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಕೋಚ್‌ಗಳಿದ್ದಾರೆ. ಆ ಪಟ್ಟಿಯಲ್ಲಿ ಮೊದಲ ಡೌನ್‌ಗಳನ್ನು ಮಾತ್ರ ಬೆರಳಿಟ್ಟು ಓದಿ ನೋಡಿ. ಅಲ್ಲೂ ರನ್, ರನ್, ರನ್ ಅಂತಿದ್ದರೆ ಅಭ್ಯಾಸ ಇನ್ನೂ ಹೋಗಿಲ್ಲ.

ಒಂದೇ ಪಂದ್ಯ ನೋಡಿ ತೀರ್ಮಾನಿಸಬೇಡಿ, ಮೂರು ಪಂದ್ಯದ ಹಾಳೆ ಸೇರಿಸಿ. ಫಲ ಕಾಣುತ್ತಿದೆಯಾ ಅಂತ ತಿಳಿಯಲು ಅಂಕಪಟ್ಟಿಗಿಂತ ಮೊದಲು ಎರಡು ಜಾಗ ನೋಡಿ. ಮೂರನೇ ಡೌನ್‌ನಲ್ಲಿ ಬೇಕಾಗುವ ಯಾರ್ಡ್ ಕಡಿಮೆಯಾಗಿದೆಯಾ? ಮೊದಲ ಡೌನ್‌ನಲ್ಲಿ ಎದುರಿನ ಬಾಕ್ಸ್ ಏಳರಿಂದ ಆರಕ್ಕೆ ಇಳಿದಿದೆಯಾ? ಎರಡನೆಯದು ಆದ ದಿನ ನನಗೆ ವಿಡಿಯೊ ನಿಲ್ಲಿಸಿ ಮತ್ತೊಮ್ಮೆ ಎಣಿಸುವ ಹಾಗಾಗುತ್ತದೆ. ಸೇಫ್ಟಿ ಹುಡುಗ ಒಂದು ಹೆಜ್ಜೆ ಮುಂದಿಟ್ಟು, ನಮ್ಮ ರಿಸೀವರ್ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ಹಿಂದಕ್ಕೆ ಹೋಗಿ ನಿಲ್ಲುತ್ತಾನೆ.